ಮಾಂತ್ರಿಕನ ಎಡಗೈ ಗವಸು

ಮೊನ್ನೆ ಕುಕ್ಕರಿನ ರಬ್ಬರು ಹುಡುಕಲು ಹೋಗಿ ಅಟ್ಟದ ಮೇಲಿದ್ದ ಬಿಸ್ಕತ್ತಿನ ಡಬ್ಬಿಯೊಂದನ್ನು ಇಳಿಸಿದೆ. ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಸಿಗುವ ಹುದ್ದೆಗಳು ಇಂಥವೇ ಎಂಬುದು ನಿಮಗೂ ಗೊತ್ತಿರಬಹುದು. ಮುಚ್ಚಳ ಬಿಗಿಯಾಗಿತ್ತು, ಚಮಚದ ಹಿಡಿಕೆಯಿಂದ ಮೀಟಿದಾಗ ಪಟ್ಟೆಂದು ತೆರೆಯಿತು. ಅದರ ಜೊತೆಗೇ ಸುಟ್ಟ ತೊಗಲಿನ ವಾಸನೆಯೂ ಹೊರಬಂತು. ಹನ್ನೆರಡು ವರ್ಷ ಡಬ್ಬಿಯೊಳಗೆ ಕೂತಿದ್ದರೂ ಆ ವಾಸನೆ ಒಂದಿಷ್ಟೂ ಮೆತ್ತಗಾಗಿರಲಿಲ್ಲ. ಒಳಗೆ ಇಪ್ಪತ್ತು ಮುಖದ ಒಂದು ನೀಲಿ ದಾಳ, ನಾಲ್ಕು ಮಡಿಕೆಯ ಡ್ರಾಯಿಂಗ್ ಹಾಳೆ, ಮತ್ತು ಒಂದೇ ಒಂದು ಕೈಗವಸು. ಎಡಗೈಯದು. ಆಡಿನ ತೊಗಲಿನದು, ತೆಳ್ಳಗೆ, ತೋರುಬೆರಳಿನ ತುದಿಯಲ್ಲಿ ಕಪ್ಪಾಗಿ ಸುಟ್ಟದ್ದು.

"ಸಿಕ್ತೇನ್ರಿ?" ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಸಿಕ್ತು" ಎಂದೆ. ಅವಳು ಕೇಳಿದ್ದು ರಬ್ಬರಿನ ವಿಚಾರ ಎಂಬುದು ಆಮೇಲೆ ನೆನಪಾಯಿತು.

ಈ ಗವಸಿನ ಒಡೆಯನ ಹೆಸರು ಗುರುಪಾದಪ್ಪ. ಆದರೆ ಅವನಿಗಿಂತ ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ತಪ್ಪು ಯಾರದು ಎಂಬುದು ನಿಮಗೆ ತಿಳಿಯುವುದಿಲ್ಲ. ನಾನು ವಿಜಯಪುರದ ಕಡೆಯವನು. ಮುಂಬಯಿ ಬಳಿಯ ರಬಾಳೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸೇಫ್ಟಿ ಆಫೀಸರ್ ಆಗಿದ್ದೆ. ಡೊಂಬಿವಲಿಯ ಮನೆಯಿಂದ ಠಾಣೆಗೆ ಒಂದು ಲೋಕಲ್ ರೈಲು, ಠಾಣೆಯಿಂದ ರಬಾಳೆಗೆ ಇನ್ನೊಂದು. ಎರಡರಲ್ಲೂ ಬಾಗಿಲಿಗೆ ಜೋತುಬಿದ್ದವರನ್ನು ಒಳಗೆ ಬನ್ನಿ ಎಂದು ಕರೆಯುತ್ತಾ, ಅವರಿಂದ ಬೈಸಿಕೊಳ್ಳುತ್ತಾ ಹೋಗಿಬರುತ್ತಿದ್ದೆ. ಮನೆಯಿಂದ ಹೊರಡುವಾಗ ಗ್ಯಾಸಿನ ಕೀಲಿ ಮೂರು ಸಲ ತಿರುಗಿಸಿ ನೋಡುವವನು ನಾನು. ಸ್ಕೂಟರಿನಲ್ಲಿ ಕೊತ್ತಂಬರಿ ತರಲು ಹೋದರೂ ತಲೆಯ ಮೇಲೆ ಹೆಲ್ಮೆಟ್ಟು. ಸೊಪ್ಪು ಮಾರುವಾಕೆ ಬಹಳ ದಿನ ನನ್ನ ಮುಖವನ್ನೇ ನೋಡಿರಲಿಲ್ಲ. ನಿಯಮ ಎಂದರೆ ನನಗೆ ಪ್ರೀತಿ. ಬರೆದಿಟ್ಟ ನಿಯಮವಾದರೆ ಇನ್ನೂ ಪ್ರೀತಿ. ನಾನೇ ಬರೆದದ್ದಾದರೆ ಕೇಳುವುದೇ ಬೇಡ.

ಆ ಪ್ರೀತಿಯೇ ನನ್ನನ್ನು ಆಟಕ್ಕೂ ಎಳೆಯಿತು. ಮಗಳು ಪ್ರಾಚಿ ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಸೇರಿ ಒಂದು ಆಟ ತಂದಳು. ಅದಕ್ಕೆ ಹಾಸಿಲ್ಲ, ಕಾಯಿಗಳಿಲ್ಲ. ಒಬ್ಬ ಸೂತ್ರಧಾರ ಕತೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ: ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಾಂತ್ರಿಕ. "ನಿನ್ನೆದುರು ಒಂದು ಗವಿ ಇದೆ, ಏನು ಮಾಡುತ್ತೀ?" ಎಂದು ಸೂತ್ರಧಾರ ಕೇಳುತ್ತಾನೆ, ಆಡುವವ ತಾನು ಮಾಡುವುದನ್ನು ಹೇಳುತ್ತಾನೆ, ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದೊಡ್ಡ ಅಂಕಿ ಬಿದ್ದರೆ ಗೆದ್ದ, ಸಣ್ಣದು ಬಿದ್ದರೆ ಕೆಟ್ಟ. ಇಷ್ಟಕ್ಕೆ ಮುನ್ನೂರು ಪುಟದ ನಿಯಮದ ಪುಸ್ತಕ. ಹುಡುಗಿಯರಲ್ಲಿ ಅದನ್ನು ಓದಿದವರು ಯಾರೂ ಇರಲಿಲ್ಲ. ನಾನು ಲೋಕಲ್ಲಿನಲ್ಲಿ ಹೋಗುತ್ತಾ ಬರುತ್ತಾ ಎರಡು ವಾರದಲ್ಲಿ ಓದಿ ಮುಗಿಸಿದೆ, ಕೆಂಪು ಪೆನ್ನಿನಿಂದ ಗೆರೆ ಎಳೆದು. ಹೀಗೆ ರವಿವಾರ ಮಧ್ಯಾಹ್ನದ ಹೊತ್ತು ನಮ್ಮ ಊಟದ ಮೇಜಿಗೆ ನಾನೇ ಸೂತ್ರಧಾರನಾದೆ.

ಪುಸ್ತಕದ ನಿಯಮಗಳು ಸಾಲದೆಂದು ನನ್ನವೂ ಒಂದೆರಡು ಸೇರಿಸಿದ್ದೆ. ಅವುಗಳಲ್ಲಿ ಒಂದು ನಿಮಗೆ ನೆನಪಿರಲಿ: ಒಂದು ವಾರ ಆಟಕ್ಕೆ ಬರದವರ ಪಾತ್ರ ಹಿಂದಿನ ವಾರ ಎಲ್ಲಿ ನಿಂತಿತ್ತೋ ಅಲ್ಲೇ ನಿಲ್ಲಬೇಕು, ಎದುರಿಗೆ ಬಂದದ್ದಕ್ಕೆ ಸುಮ್ಮನೆ ಮೈಯೊಡ್ಡಬೇಕು. ಹಾಜರಾತಿ ಚೆನ್ನಾಗಿರಲೆಂದು ಮಾಡಿದ್ದು. ಪರಿಣಾಮವಾಗಿ ನಾಲ್ಕು ಪಾತ್ರಗಳು ಸತ್ತವು, ನಾಲ್ವರು ಗೆಳತಿಯರೂ ಟ್ರೆಕ್ಕಿಂಗ್‌ಗೆ ಹೋಗತೊಡಗಿದರು. ಕಡೆಗೆ ಉಳಿದವರು ಸೂತ್ರಧಾರ ಮತ್ತು ಅವನ ಮಗಳು.

ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ನಿಯಮ ಮಾಂತ್ರಿಕನದು. ಮಾಂತ್ರಿಕ ಕವಚ ತೊಡುವಂತಿಲ್ಲ. ತೊಟ್ಟರೆ ಮಂತ್ರ ಫಲಿಸುವುದಿಲ್ಲ. ನೋಡಿ, ಎಷ್ಟು ನ್ಯಾಯವಾಗಿದೆ! ಯೋಧನಿಗೆ ಕಬ್ಬಿಣ, ಮಾಂತ್ರಿಕನಿಗೆ ಮಂತ್ರ. ಬೆರಳ ತುದಿಯಿಂದ ಬೆಂಕಿ ಉಗುಳುವವನಿಗೆ ಮೈತುಂಬ ಕಬ್ಬಿಣವನ್ನೂ ಕೊಟ್ಟರೆ ಉಳಿದವರಿಗೆ ಆಟದಲ್ಲಿ ಕೆಲಸವೇನು? ಈ ತರ್ಕವನ್ನು ನಾನು ಎಷ್ಟೋ ಜನಕ್ಕೆ ವಿವರಿಸಿದ್ದೇನೆ. ವಾರದ ಆರು ದಿನ ಕವಚ ತೊಡಿ ಎಂದು ಜನರ ಬೆನ್ನು ಹತ್ತುವವನು ಏಳನೆಯ ದಿನ ತೊಡಬೇಡಿ ಎನ್ನುತ್ತಿದ್ದಾನೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಆ ವರ್ಷ ಕಾರ್ಖಾನೆಯಲ್ಲಿ ಒಂದು ಆದೇಶ ಹೊರಡಿಸಿದ್ದೆ. ನಮ್ಮಲ್ಲಿ ಹಾಲಿನ ಡೇರಿಗಳಿಗೆ, ಔಷಧಿ ತಯಾರಿಸುವವರಿಗೆ ಬೇಕಾಗುವ ಸ್ಟೀಲಿನ ಪೈಪು, ತೊಟ್ಟಿಗಳನ್ನು ಮಾಡುತ್ತಿದ್ದರು. ಒಬ್ಬ ವೆಲ್ಡರ್ ಬಟ್ಟೆಯ ಗವಸು ಹಾಕಿಕೊಂಡು ಅಂಗೈ ಸುಟ್ಟುಕೊಂಡ. ಮರುದಿನವೇ ಬರೆದೆ: ವೆಲ್ಡಿಂಗ್ ಮಾಡುವ ಪ್ರತಿಯೊಬ್ಬರೂ ಎರಡೂ ಕೈಗೆ ಮೊಳಕೈವರೆಗಿನ ದಪ್ಪ ತೊಗಲಿನ ಗವಸು ತೊಡಬೇಕು. ತಪ್ಪಿದರೆ ಮೆಮೊ. ಮೂರು ಮೆಮೊ ಆದರೆ ವೆಲ್ಡಿಂಗ್ ಬಿಡಿಸಿ ಲೋಡಿಂಗಿಗೆ ಕಳಿಸಲಾಗುವುದು. ಆದೇಶ ಚಿಕ್ಕದಾಗಿ, ಚೊಕ್ಕವಾಗಿ ಇತ್ತು. ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿಸಿದೆ.

ಮೊದಲ ಮೆಮೊ ಹೋದದ್ದು ಗುರುಪಾದಪ್ಪನಿಗೆ.

ಅವನು ಕಲಬುರಗಿ ಜಿಲ್ಲೆಯ ಅಫಜಲಪುರದ ಕಡೆಯವನು. ಟಿಟ್ವಾಳಾದಲ್ಲಿ ಒಂದು ಖೋಲಿ ಮಾಡಿಕೊಂಡಿದ್ದ. ಬಂದದ್ದು ಇಟ್ಟಿಗೆ ಹೊರಲು. ಗೋದಾಮಿನಲ್ಲಿ ಹಮಾಲಿ ಮಾಡಿದ, ಗ್ರೈಂಡಿಂಗ್ ಮಾಡಿದ, ನೋಡುತ್ತಾ ನೋಡುತ್ತಾ ಆರ್ಗನ್ ವೆಲ್ಡಿಂಗ್ ಕಲಿತ. ಆರ್ಗನ್ ಎಂದರೆ ಬಲಗೈಯಲ್ಲಿ ಟಾರ್ಚು, ಎಡಗೈಯಲ್ಲಿ ತೆಳುವಾದ ತಂತಿ. ಟಾರ್ಚು ಲೋಹ ಕರಗಿಸಿದಂತೆಲ್ಲ ಎಡಗೈ ಬೆರಳುಗಳು ತಂತಿಯನ್ನು ಹನಿಹನಿಯಾಗಿ ಅದಕ್ಕೆ ಉಣಿಸುತ್ತಾ ಹೋಗಬೇಕು. ಗುರುಪಾದಪ್ಪ ಬೆಸೆದ ಪೈಪನ್ನು ಬೆಳಕಿಗೆ ಹಿಡಿದು ನೋಡಿದರೆ ನನ್ನ ಅಜ್ಜಿ ಹೊಲಿದ ಕೌದಿಯ ಟಾಕುಗಳು ನೆನಪಾಗುತ್ತಿದ್ದವು, ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಅಳತೆ. ಎಕ್ಸ್‌ರೇ ತೆಗೆದು ಪರೀಕ್ಷಿಸುವವರು ಅವನ ಜಾಯಿಂಟುಗಳನ್ನು ನೋಡುವ ಮೊದಲೇ ಚಹಾ ತರಿಸುತ್ತಿದ್ದರಂತೆ. ಆ ಮನುಷ್ಯನಿಗೆ ಬೇರೆ ದೊಡ್ಡಸ್ತಿಕೆ ಇರಲಿಲ್ಲ. ಆ ಎರಡು ಕೈಗಳೇ ಅವನ ಆಸ್ತಿ, ಅವನ ಹೆಸರು.

ಅವನು ಎಡಗೈ ದಪ್ಪ ಗವಸನ್ನು ಕಳಚಿ ಪಕ್ಕಕ್ಕಿಟ್ಟು, ತನ್ನದೇ ಒಂದು ತೆಳು ಗವಸು ಹಾಕಿಕೊಂಡು ಕೆಲಸ ಮಾಡುತ್ತಿದ್ದ. ನಾನು ಹಿಡಿದೆ. ಮೆಮೊ ಕೊಟ್ಟೆ. "ಹೂಂರಿ ಸರ" ಎಂದು ಎರಡೂ ಕೈಯಿಂದ ತೆಗೆದುಕೊಂಡ.

ಅದೇ ವಾರ ನಮ್ಮ ಕಿಟಕಿಯ ಗ್ರಿಲ್ಲು ಕಳಚಿ ಜೋತುಬಿತ್ತು. ಮೂರನೆಯ ಮಾಳಿಗೆ, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಯಾರನ್ನಾದರೂ ಕಳಿಸುತ್ತೀಯಾ ಎಂದು ಗುರುಪಾದಪ್ಪನನ್ನೇ ಕೇಳಿದೆ. ಕೇಳುವಾಗ ನನಗೆ ಸಂಕೋಚವಾಗಲಿಲ್ಲ ಎಂಬುದನ್ನು ಈಗ ನೆನೆದರೆ ಸಂಕೋಚವಾಗುತ್ತದೆ. ರವಿವಾರ ಅವನೇ ಬಂದ, ಸಣ್ಣ ವೆಲ್ಡಿಂಗ್ ಮಷೀನನ್ನು ಹೆಗಲ ಮೇಲೆ ಹೊತ್ತು. ಎರಡೂ ಕೈಗೆ ದಪ್ಪ ಗವಸು ಹಾಕಿಕೊಂಡು ಗ್ರಿಲ್ಲಿನ ಕೆಲಸಕ್ಕೆ ನಿಂತ.

"ನೋಡು, ಇಲ್ಲಿ ಹಾಕ್ಕೊಂಡೀಯಲ್ಲಪಾ. ಅಲ್ಲಿ ಏನ್ ಧಾಡಿ?" ಎಂದೆ.

"ಇದು ಗ್ರಿಲ್‌ರಿ ಸರ. ಇದಕ್ಕ ಇದ ಬೇಕು" ಎಂದ ಅವನು. ಕೇಳಿಸಿಕೊಳ್ಳುವ ಕಿವಿ ಇದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಕೆಲಸ ಮುಗಿಸಿ ಚಹಾಕ್ಕೆ ಕೂತವನು ಮೇಜಿನ ಮೇಲಿನ ದಾಳ ನೋಡಿದ. ಇದೇನೆಂದು ಕೇಳಿದ. ಆಡುವವರಿಲ್ಲದೆ ಒಣಗಿದ್ದ ಪ್ರಾಚಿಗೆ ಅಷ್ಟೇ ಸಾಕಾಯಿತು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ಗುರುಪಾದಪ್ಪ ಕನ್ನಡದಲ್ಲಿ ಕೇಳಿದ, ಅವಳು ಮರಾಠಿಯಲ್ಲಿ ಹೇಳಿದಳು, ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ. ಅವನು ಮಾಂತ್ರಿಕನಾದ. ಪಾತ್ರಕ್ಕೆ ಚನ್ನಯ್ಯ ಎಂದು ಹೆಸರಿಟ್ಟ. ಹತ್ತು ನಿಮಿಷದೊಳಗೆ ಚನ್ನಯ್ಯ ಪೊದೆಯಿಂದ ಬಂದ ಒಂದು ಬಾಣಕ್ಕೆ ಸತ್ತ.

ಗುರುಪಾದಪ್ಪ ಚಹಾದ ಕಪ್ಪು ಕೆಳಗಿಟ್ಟ. "ಸರ, ಈ ಮನಷ್ಯಾ ಬರೇ ಧೋತರದ ಮ್ಯಾಲ ಯುದ್ಧಕ್ಕ ಹೊಂಟಾನಲ್ರಿ. ಮನ್ಯಾಗ ಹೇಳಾವ್ರು ಯಾರೂ ಇಲ್ಲೇನ್ರಿ ಇವಗ?"

"ಅವನ ಹತ್ರ ಮಂತ್ರ ಅದಲ್ಲಪಾ."

"ಮಂತ್ರ ಹೇಳಿ ಮುಗಸಾತನಕ ಬಾಣ ಕಾಯ್ತದೇನ್ರಿ?"

ಅದು ಪುಸ್ತಕದ ನಿಯಮ ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವನು ವಾದ ಮಾಡಲಿಲ್ಲ. ದಾಳವನ್ನು ತಿರುಗಿಸಿ ನೋಡುತ್ತಾ ಹೇಳಿದ: "ನಮ್ಮೂರಾಗ ದೊಡ್ಡಾಟದಾಗ ನಾ ಭೀಮನ ಪಾತ್ರ ಮಾಡೀನ್ರಿ. ಭುಜಕೀರ್ತಿ ಕಟ್ಟಿದ್ರ ಕುತಗಿ ತಿರಗಂಗಿಲ್ಲ. ಆದ್ರ ಹಾಡ್ಲಾಕ ಬರ್ತದ, ಕುಣಿಲಾಕ ಬರ್ತದ. ಕವಚ ಅಂದ್ರ ಎಲ್ಲಾದಕ್ಕೂ ಅಡ್ಡ ಬರಂಗಿಲ್ರಿ. ಯಾವುದಕ್ಕ ಬರ್ತದ ಅಂತ ನೋಡಬೇಕ್ರಿ." ಪ್ರಾಚಿ ನನ್ನ ಕಡೆ ನೋಡಿದಳು. ನಾನು ಪುಸ್ತಕದ ಕಡೆ ನೋಡಿದೆ.

ಅವನು ಮುಂದಿನ ರವಿವಾರವೂ ಬಂದ, ಅದರ ಮುಂದಿನದಕ್ಕೂ ಬಂದ. ಶರಣಯ್ಯ ಎಂಬ ಹೊಸ ಮಾಂತ್ರಿಕನನ್ನು ಮಾಡಿಕೊಂಡ. ಎಷ್ಟು ಜಾಗ್ರತೆಯಿಂದ ಆಡುತ್ತಿದ್ದನೆಂದರೆ, ಆ ಶರಣಯ್ಯ ಪ್ರತಿ ಬಂಡೆಯ ಹಿಂದೆಯೂ ಕೂತು, ಗಾಳಿ ಯಾವ ಕಡೆಯದು ಎಂದು ಕೇಳಿ, ಆಮೇಲೆ ಹೆಜ್ಜೆ ಇಡುತ್ತಿದ್ದ. ಮೂರನೆಯ ರವಿವಾರ ಮುಗಿಯುವಾಗ ಶರಣಯ್ಯ ಒಂದು ಗವಿಯೊಳಗಿದ್ದ. ಎದುರಿಗೆ ಬೆಂಕಿಗೆ ಮಾತ್ರ ಹೆದರುವ ಒಂದು ದೊಡ್ಡ ಪ್ರಾಣಿ. ಯೋಧೆಯಾದ ಪ್ರಾಚಿ ಹೊರಗೆ ಕಾಲು ಮುರಿದುಕೊಂಡು ಬಿದ್ದಿದ್ದಳು. ಮುಂದಿನ ವಾರ ಬರದಿದ್ದರೆ ನಿನ್ನವನ ಗತಿ ಗೊತ್ತಲ್ಲ ಎಂದು ನಾನು ಸೂತ್ರಧಾರನ ಗತ್ತಿನಲ್ಲಿ ಹೇಳಿದೆ.

ಆದರೆ ಕಾರ್ಖಾನೆಯಲ್ಲಿ ಇನ್ನೊಂದು ಕತೆ ನಡೆದಿತ್ತು. ಮೆಮೊ ಸಿಕ್ಕಮೇಲೆ ಕೆಲವು ದಿನ ಗುರುಪಾದಪ್ಪ ಎರಡೂ ಕೈಗೆ ದಪ್ಪ ಗವಸು ತೊಟ್ಟು ದುಡಿದ. ಅವನ ಜಾಯಿಂಟುಗಳು ಎಕ್ಸ್‌ರೇಯಲ್ಲಿ ಫೇಲಾಗತೊಡಗಿದವು. ಅವನ ಕೈ ಕೆಟ್ಟಿತು, ವಯಸ್ಸಾಯಿತು ಎಂದು ಸೂಪರ್‌ವೈಜರ್ ಹೇಳಿದ. ನಾನೂ ಅಯ್ಯೋ ಪಾಪ ಎಂದೆ. ಕೈ ಕೆಟ್ಟಿಲ್ಲ ಎಂದು ತನಗೇ ಖಾತ್ರಿ ಮಾಡಿಕೊಳ್ಳಲೋ ಏನೋ, ಅವನು ಮತ್ತೆ ಎಡಗೈ ಗವಸು ಬದಲಿಸಿದ. ಎರಡನೆಯ ಮೆಮೊ ಕೊಟ್ಟೆ. ಒಂದು ಶುಕ್ರವಾರ ಮತ್ತೆ ಕಣ್ಣಿಗೆ ಬಿದ್ದ. ಶನಿವಾರ ಸಂಜೆ ಮೂರನೆಯ ಮೆಮೊ ಟೈಪು ಮಾಡಿಸಿ, ಸಹಿ ಹಾಕಿ, ಸೋಮವಾರ ಕೊಡೋಣವೆಂದು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ. ನನಗೆ ಬೇಸರವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನಿಯಮ ನನ್ನದು, ಗೋಡೆಯ ಮೇಲಿದೆ, ಫ್ರೇಮಿನಲ್ಲಿದೆ. ಆರ್ಗನ್ ಟಾರ್ಚು ಹಿಡಿದ ಕೈ ಇನ್ನು ಮೇಲೆ ಪೆಟ್ಟಿಗೆ ಹೊರಬೇಕಾಗಿತ್ತು.

ಮರುದಿನ ಮಧ್ಯಾಹ್ನ ಬೆಲ್ಲು ಬಡಿಯಿತು. ಗುರುಪಾದಪ್ಪ ಬಂದಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನನ್ನ ಚೀಲ ಬಾಗಿಲ ಹಿಂದಿನ ಗೂಟಕ್ಕೆ ತೂಗಾಡುತ್ತಿತ್ತು. ಅವನು ಚಪ್ಪಲಿ ಬಿಡುವಾಗ ಅದು ಅವನ ಹೆಗಲಿಗೆ ತಾಗಿತು.

"ಸರ, ಪುಸ್ತಕದ ನಿಯಮ ಬದಲ ಮಾಡ್ಲಾಕ ಬರ್ತದೇನ್ರಿ?" ಎಂದು ಕೇಳುತ್ತಲೇ ಕೂತ.

"ಕಾರಣ ಇದ್ರ ಮಾಡಬಹುದು" ಎಂದೆ, ಉದಾರವಾಗಿ.

ಅವನು ಚೀಲದಿಂದ ಮೂರು ಜೊತೆ ಗವಸು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದು ನನ್ನ ಆದೇಶದ ದಪ್ಪ ಗವಸು, ಒಂದು ನಡುವಿನದು, ಒಂದು ಆಡಿನ ತೊಗಲಿನ ತೆಳು. ನಡುಮನೆಯ ತುಂಬ ಸುಟ್ಟ ವಾಸನೆ ಹರಡಿತು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಕ್ಕಾರ, ಒಂದ ಹತ್ತ ಕಾಳ ಮೆಂತ್ಯಾ ಕೊಡ್ರಿ" ಎಂದ.

ಆಟ ಹೀಗೆ: ತಟ್ಟೆಯಲ್ಲಿ ಹತ್ತು ಮೆಂತ್ಯದ ಕಾಳು, ಪಕ್ಕದಲ್ಲಿ ಬಟ್ಟಲು. ಗವಸು ತೊಟ್ಟು ಎಡಗೈಯಿಂದ ಒಂದೊಂದೇ ಕಾಳು ಹೆಕ್ಕಿ ಬಟ್ಟಲಿಗೆ ಹಾಕಬೇಕು. ಪ್ರಾಚಿ ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟಳು. ದಪ್ಪ ಗವಸಿನ ಸರದಿ ನನ್ನದು. ನಿಮಿಷದ ತುಂಬ ಒದ್ದಾಡಿ ಒಂದು ಕಾಳು ಎತ್ತಿದೆ, ತಟ್ಟೆ ಬೋರಲು ಹಾಕಿದೆ. ನಡುವಿನ ಗವಸಿನಲ್ಲಿ ಪ್ರಾಚಿ ನಾಲ್ಕು ಎತ್ತಿದಳು. ತೆಳು ಗವಸಿನಲ್ಲಿ ಗುರುಪಾದಪ್ಪ ಒಂಬತ್ತು ಎತ್ತಿ, ಹತ್ತನೆಯದನ್ನು ಬೆರಳ ತುದಿಯಲ್ಲಿ ಹಿಡಿದು ನಮ್ಮಿಬ್ಬರಿಗೂ ತೋರಿಸಿ ಹಾಕಿದ. ಕಡೆಗೆ ನನ್ನ ಹೆಂಡತಿ ಬಂದು ಬರಿಗೈಯಲ್ಲಿ ಹತ್ತನ್ನೂ ಹೆಕ್ಕಿ, ನಾನು ನೆಲಕ್ಕೆ ಚೆಲ್ಲಿದ್ದನ್ನೂ ಹೆಕ್ಕಿ, ಇನ್ನೂ ಸಮಯ ಉಳಿಸಿದಳು.

"ಮಂತ್ರಾ ಮಾಡಾವ ಬೆರಳಿಂದ ಮುದ್ರಿ ಮಾಡ್ತಾನಂತ ನೀವ ಹೇಳಿದ್ರಿ" ಎಂದ ಗುರುಪಾದಪ್ಪ. "ಬೆರಳಿಗಿ ಗೊತ್ತಾಗಬೇಕ್ರಿ."

"ಹಂಗಾರ ಎರಡೂ ಕೈಗಿ ತೆಳುನ ಹಾಕ್ಕೊಳ್ಳಲಿ ಬಿಡು."

"ಅಕ್ಕಾರ, ಹಂಚ ಬಿಸಿ ಅದ ಏನ್ರಿ?"

ನಾನು ಬೇಡ ಬೇಡ ಎನ್ನುವುದರೊಳಗೆ ಅವನು ತೆಳು ಗವಸಿನ ಬಲಗೈಯನ್ನು ಬಿಸಿ ಹಂಚಿನ ಅಂಚಿಗೆ ಒರಗಿಸಿದ್ದ. ಎರಡು ಎಣಿಸುವುದರಲ್ಲಿ ತೆಗೆದ. ದಪ್ಪ ಗವಸು ಹಾಕಿ ಮತ್ತೆ ಒರಗಿಸಿದ. ಇಪ್ಪತ್ತು ಎಣಿಸಿದರೂ ಆರಾಮಾಗಿ ನಿಂತಿದ್ದ. "ಟಾರ್ಚ್ ಹಿಡದ ಕೈ ಬಿಸಿ ಪೈಪಿನ ಮ್ಯಾಲ ಊರಿರ್ತದ್ರಿ. ಅದಕ್ಕ ದಪ್ಪಂದ ಬೇಕು. ತಂತಿ ಹಿಡದ ಕೈಗಿ ತೆಳು. ಮಾಂತ್ರಿಕಂದೂ ಹಂಗ ರಿ. ಒಂದ ಕೈಯಾಗ ಕೋಲು, ಒಂದ ಕೈಯಾಗ ಮುದ್ರಿ. ಎರಡೂ ಕೈಗಿ ಒಂದ ನಿಯಮ ಹೆಂಗ ನಡೀತದರಿ?"

ನಿಮಗೆ ಹೇಳುತ್ತೇನೆ, ಮುನ್ನೂರು ಪುಟದ ಆ ಪುಸ್ತಕ ಬರೆದವರು ಅವನ ಮುಂದೆ ಕೂತು ಪಾಠ ಹೇಳಿಸಿಕೊಳ್ಳಬೇಕಿತ್ತು. ಕವಚವೋ ಮಂತ್ರವೋ ಎಂದು ಕೇಳುವವರು ಎರಡರಲ್ಲಿ ಒಂದನ್ನೂ ಮೈಗೆ ಹಚ್ಚಿಕೊಂಡವರಲ್ಲ. ಬೆಂಕಿಯ ಜೊತೆ ದಿನವೂ ಬಾಳುವವನಿಗೆ ಮಾತ್ರ ಯಾವ ಬೆರಳಿಗೆ ಎಷ್ಟು ತೊಗಲು ಎಂಬುದು ಗೊತ್ತಿರುತ್ತದೆ. ನನಗೆ ಆ ಹೊತ್ತಿನಲ್ಲಿ ಅವನ ಮೇಲೆ ಹುಟ್ಟಿದ ಗೌರವ ಈವರೆಗೆ ಕಡಿಮೆಯಾಗಿಲ್ಲ.

ಡ್ರಾಯಿಂಗ್ ಹಾಳೆ ತಂದು ಹೊಸ ನಿಯಮ ಬರೆದೆವು. ಎದೆಗೆ, ಬಲಗೈಗೆ ದಪ್ಪ ತೊಗಲಿನ ಕವಚ ನಡೆಯುತ್ತದೆ, ಮಂತ್ರಕ್ಕೆ ಅಡ್ಡಿಯಿಲ್ಲ. ಆದರೆ ಓಡುವುದು ನಿಧಾನ. ತಲೆಗೆ ಕಬ್ಬಿಣದ ಟೊಪ್ಪಿಗೆ ಬೇಡ. ಪ್ರಾಚಿ ಹಾಲಿನ ಪಾತ್ರೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮಾತಾಡಿ ನೋಡಿದ್ದಳು. ಒಂದು ಅಕ್ಷರ ತಿಳಿಯಲಿಲ್ಲ. ಎಡಗೈಗೆ ದಪ್ಪ ಗವಸಾದರೆ ದಾಳದಲ್ಲಿ ಹದಿನೆಂಟೋ ಅದಕ್ಕಿಂತ ಹೆಚ್ಚೋ ಬೀಳಬೇಕು, ತೆಳುವಾದರೆ ಹತ್ತು ಸಾಕು, ಬರಿಗೈಗೆ ಎಂಟೇ ಸಾಕು. ಹಾಗಾದರೆ ಎಲ್ಲರೂ ಬರಿಗೈಯಲ್ಲೇ ಬರುತ್ತಾರಲ್ಲ ಎಂದು ನಾನು ತಕರಾರು ತೆಗೆದೆ. ಅದಕ್ಕೂ ಗುರುಪಾದಪ್ಪನ ಹತ್ತಿರ ಉತ್ತರವಿತ್ತು: ಬರಿಗೈಯವನಿಗೆ ಐದರೊಳಗೆ ಬಿದ್ದರೆ ಬೆರಳು ಸುಡುತ್ತದೆ, ಆ ದಿನ ಮತ್ತೆ ಮಂತ್ರವಿಲ್ಲ. ತೆಳು ಗವಸಿನವನಿಗೆ ಒಂದು ಬಿದ್ದರೆ ಮಾತ್ರ. ಯಾವುದೂ ಪುಕ್ಕಟೆಯಲ್ಲ.

ಪ್ರಾಚಿ ಹಾಳೆಯನ್ನು ಓದಿ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ, ಅವಳಿಗೆ ಏನೂ ಗೊತ್ತಿಲ್ಲದೆ, ಮೆಮೊ ಎಂಬ ಪದವನ್ನೇ ಕೇಳಿರದೆ, ಕೇಳಿದಳು: "ಪಪ್ಪಾ, ಮಗ್ ಫ್ಯಾಕ್ಟರೀತ್ ಸಗಳ್ಯಾನ್ನಾ ಜಾಡೇ ಗ್ಲೋಜ್ ಕಾ ದೇತಾ?" ಹಾಗಾದರೆ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ದಪ್ಪ ಗವಸನ್ನೇ ಯಾಕೆ ಕೊಡುತ್ತೀರಿ ಎಂದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಬಾಗಿಲ ಹಿಂದಿನ ಚೀಲದ ಕಡೆ ನೋಡಿದೆ. ಗುರುಪಾದಪ್ಪ ತಲೆ ಬಗ್ಗಿಸಿ ಮೆಂತ್ಯದ ಕಾಳುಗಳನ್ನು ಬಟ್ಟಲಿನಿಂದ ತಟ್ಟೆಗೆ ಸುರಿಯುತ್ತಿದ್ದ. ಬಂದ ನಾಲ್ಕು ರವಿವಾರಗಳಲ್ಲಿ ಒಂದು ಸಲವೂ ಅವನು ನಮ್ಮ ಮನೆಯಲ್ಲಿ ಕಾರ್ಖಾನೆಯ ಸುದ್ದಿ ತೆಗೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಐವತ್ತು ದಾಟಿದ ಮೇಲೆ ಮಗಳ ಎದುರು ನಾಚುವುದು ಬಹಳ ಕಷ್ಟದ ಕೆಲಸ. ಆಟ ಮುಂದುವರಿಸೋಣ ಎಂದೆ.

ಗವಿಯೊಳಗೆ ಶರಣಯ್ಯ ಎದ್ದು ನಿಂತ. ಎದೆಗೆ ದಪ್ಪ ತೊಗಲು, ಬಲಗೈಗೆ ದಪ್ಪ ಗವಸು, ಎಡಗೈಗೆ ತೆಳು. ಪ್ರಾಣಿ ಪಂಜ ಎತ್ತಿ ಅಪ್ಪಳಿಸಿತು. ಎದೆಯ ತೊಗಲು ಆ ಪೆಟ್ಟು ತಡೆಯಿತು. ಇನ್ನು ಬೆಂಕಿ. ಹತ್ತು ಬೀಳಬೇಕು. ಗುರುಪಾದಪ್ಪ ದಾಳವನ್ನು ಎಡಗೈಯಲ್ಲಿ ತೆಗೆದುಕೊಂಡು, ಕಣ್ಣು ಮುಚ್ಚಿ, ಟಿಟ್ವಾಳಾದ ಗಣಪತಿಯನ್ನು ನೆನೆದು ಎಸೆದ. ದಾಳ ತಟ್ಟೆಗೆ ಬಡಿದು ತಿರುಗಿ ನಿಂತಿತು. ಹನ್ನೊಂದು. ಪ್ರಾಚಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು.

ಸೋಮವಾರ ನಾನು ಮೆಮೊ ಕೊಡಲಿಲ್ಲ. ಆರ್ಗನ್ ವಿಭಾಗಕ್ಕೆ ಹೋಗಿ, ಕಣ್ಣಿಗೆ ಕಪ್ಪು ಗಾಜು ಹಿಡಿದು, ಗುರುಪಾದಪ್ಪನ ಪಕ್ಕದಲ್ಲಿ ನಿಂತೆ. ಎರಡು ಪೈಪು ಬೆಸೆಯಲು ಹೇಳಿದೆ, ಒಂದು ನನ್ನ ನಿಯಮದ ಹಾಗೆ, ಒಂದು ಅವನ ಹಾಗೆ. ದಪ್ಪ ಗವಸಿನಲ್ಲಿ ತಂತಿ ಬೆರಳ ನಡುವೆ ತಡೆತಡೆದು ಮುಂದೆ ಹೋಗುತ್ತಿತ್ತು. ಅವನ ಹಣೆಯ ಮೇಲೆ ಬೆವರು. ತೆಳುವಿನಲ್ಲಿ ಬೆರಳುಗಳು ಅದನ್ನು ಜಪಮಣಿಯಂತೆ ಸರಿಸುತ್ತಾ ಹೋದವು. ಇಷ್ಟು ವರ್ಷ ಕೆಲಸ ಮಾಡಿದ್ದೆ, ಒಬ್ಬ ವೆಲ್ಡರನ ಎಡಗೈಯನ್ನು ಆವತ್ತೇ ಮೊದಲ ಸಲ ಪೂರ್ತಿ ನೋಡಿದ್ದು.

ಹಿಂದಿನ ಆದೇಶ ತಪ್ಪಾಗಿತ್ತು ಎಂಬ ಒಂದು ವಾಕ್ಯ ಬರೆಯಲು ನನಗೆ ಇಡೀ ದಿನ ಹಿಡಿಯಿತು. ಬರೆದೆ. ಅದರ ಕೆಳಗೆ ಯಾವ ಕೆಲಸಕ್ಕೆ, ಯಾವ ಕೈಗೆ, ಯಾವ ಗವಸು ಎಂಬ ಪಟ್ಟಿ. ಮ್ಯಾನೇಜರ್ ಸಾಹೇಬರು ಕನ್ನಡಕ ಮೇಲೆತ್ತಿ ನೋಡಿ, ಈ ಪಟ್ಟಿ ಎಲ್ಲಿಂದ ಬಂತೆಂದು ಹಿಂದಿಯಲ್ಲಿ ಕೇಳಿದರು.

"ಯೇ ಟೇಬಲ್ ಕಿಧರ್ ಸೆ ಲಾಯಾ?"

"ಘರ್ ಪೆ ಟ್ರಯಲ್ ಕಿಯಾ, ಸಾಹೇಬ್."

"ಕಿಸ್ ಪೆ?"

"ಮೇಥಿ ಪೆ" ಎಂದೆ, ಮನೆಯಲ್ಲಿ ಮೆಂತ್ಯದ ಮೇಲೆ ಪ್ರಯೋಗ ಮಾಡಿದೆ ಎಂದು. ಮಾಂತ್ರಿಕರ ಹೆಸರು ಹೇಳುವಷ್ಟು ಧೈರ್ಯ ಬರಲಿಲ್ಲ. ಅವರು ನನ್ನನ್ನು ಬಹಳ ಹೊತ್ತು ನೋಡಿ ಸಹಿ ಹಾಕಿದರು.

ಮುಂದಿನ ತಿಂಗಳು ಎಲ್ಲ ವೆಲ್ಡರುಗಳ ಪರೀಕ್ಷೆ ನಡೆಯಿತು. ಗುರುಪಾದಪ್ಪ ಒಂದು ದಪ್ಪ, ಒಂದು ತೆಳು ಗವಸು ತೊಟ್ಟು ಕೂತ. ಅವನ ಒಂದು ಜಾಯಿಂಟೂ ಫೇಲಾಗಲಿಲ್ಲ. ಸಂಜೆ ಗೇಟಿನ ಹತ್ತಿರ ಕಾಯುತ್ತಿದ್ದವನು ಆ ಎಡಗೈ ಗವಸನ್ನು ನನ್ನ ಕೈಗೆ ಕೊಟ್ಟ. "ಇದು ನಿಮ್ಮ ಹಂತ್ಯಾಕ ಇರಲ್ರಿ ಸರ" ಎಂದ. ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅವನು ಟಿಟ್ವಾಳಾದ ಲೋಕಲ್ ತಪ್ಪುತ್ತದೆಂದು ಓಡಿದ.

ಆ ಮಾತು ಹನ್ನೆರಡು ವರ್ಷ ಬಾಕಿ ಉಳಿಯಿತು. ಪ್ರಾಚಿ ಮದುವೆಯಾಗಿ ಐರೋಳಿಗೆ ಹೋದಳು, ಆಟ ನಿಂತಿತು, ನಾನು ನಿವೃತ್ತನಾದೆ. ಗುರುಪಾದಪ್ಪ ಈಗ ಕಲ್ಯಾಣದಲ್ಲಿ ಹೊಸಬರಿಗೆ ಆರ್ಗನ್ ಕಲಿಸುತ್ತಾನೆ. ಹಬ್ಬಕ್ಕೆ ಫೋನು ಮಾಡುತ್ತೇವೆ, ಆರಾಮ ಅಂದರೆ ಆರಾಮ ಎನ್ನುತ್ತೇವೆ, ಇಡುತ್ತೇವೆ.

ಮೊನ್ನೆ ಡಬ್ಬಿ ಹಿಡಿದು ಕೂತವನು ಸುಮ್ಮನೆ ಗವಸಿನೊಳಗೆ ಕೈ ಹಾಕಿದೆ. ಬೆರಳಿಗೆ ಕಾಗದ ತಾಗಿತು. ಮಡಿಸಿ ಮಡಿಸಿ ಸಣ್ಣದಾದ ಮೂರನೆಯ ಮೆಮೊ. ಯಾರ ಕಣ್ಣಿಗೂ ಬೀಳಬಾರದೆಂದು ನಾನೇ ಅಲ್ಲಿ ತುರುಕಿದ್ದೆ, ಮರೆತೂ ಬಿಟ್ಟಿದ್ದೆ. ಕೆಳಗೆ ನನ್ನ ಸಹಿ, ನೀಟಾಗಿ. ಅಲ್ಲೇ ಸ್ಟೂಲಿನ ಮೇಲೆ ಕೂತು ಫೋನು ಹಚ್ಚಿದೆ.

"ಗುರುಪಾದಪ್ಪ, ನಿನಗ ಒಂದ ಮಾತ ಹೇಳೂದು ಉಳದದ. ಆ ಮೆಂತ್ಯಾದ ಐತವಾರ ನೀ ನಮ್ಮನಿಗಿ ಬಂದಾಗ ನಿನ್ನ ಮೂರನೇ ಮೆಮೊ ನನ್ನ ಚೀಲದಾಗ ಇತ್ತು. ಸಹಿ ಮಾಡಿ ಇಟ್ಟಿದ್ದೆ."

ಆ ಕಡೆ ಗ್ರೈಂಡರಿನ ಸದ್ದು ಕೇಳುತ್ತಿತ್ತು. ಅವನು ಯಾರಿಗೋ ನಿಲ್ಲಿಸಲು ಹೇಳಿದ.

"ಗೊತ್ತಿತ್ತರಿ ಸರ. ಟೈಪ್ ಮಾಡಿದ ಆಫೀಸಿನ ಮೇಡಂನವ್ರು ಶನಿವಾರನ ಹೇಳಿದ್ರು."

"ಗೊತ್ತಿದ್ದೂ ಬಂದ್ಯಾ? ಕೇಳ್ಲಾಕ ಬಂದಿದ್ದಿ ಏನು, ಮೆಮೊ ಕೊಡಬ್ಯಾಡ್ರಿ ಅಂತ?"

"ಇಲ್ರಿ. ವೆಲ್ಡಿಂಗ್ ಕೆಲಸ ಹೋಗಿಬಿಟ್ಟದಂತ ತಿಳಕೊಂಡಿದ್ದೆ. ಸೋಮವಾರದಿಂದ ಹಮಾಲಿ ಅಂತ ಮನ್ಯಾಗೂ ಹೇಳಿದ್ದೆ."

"ಮತ್ತ ಯಾಕ ಬಂದಿ? ಆ ಗ್ಲೋಜ್ ಎಲ್ಲಾ ಹೊತಗೊಂಡು?"

"ಬರದಿದ್ರ ಹೆಂಗರಿ ಸರ" ಎಂದ ಗುರುಪಾದಪ್ಪ, ನಾನು ತೀರ ಸಣ್ಣ ವಿಷಯ ಮರೆತಿದ್ದೇನೆ ಎಂಬ ದನಿಯಲ್ಲಿ. "ನಮ್ಮ ಶರಣಯ್ಯ ಗವ್ಯಾಗ ಇದ್ದನಲ್ರಿ."

ಇಪ್ಪತ್ತಾರು ವರ್ಷ ಜನರನ್ನು ಕಾಯುವುದೇ ನನ್ನ ಉದ್ಯೋಗವೆಂದು ಸಂಬಳ ತೆಗೆದುಕೊಂಡವನು ನಾನು. ತನ್ನ ಕೈಯ ಕೆಲಸ ಹೋಯಿತೆಂದು ತಿಳಿದ ಮರುದಿನ, ಅದನ್ನು ಕಿತ್ತುಕೊಂಡವನ ಮನೆಗೇ ಬಂದು, ಕಾಗದದ ಮೇಲಿನ ಒಬ್ಬನನ್ನು ಸಾಯಗೊಡದೆ ಕಾಯ್ದವನು ಅವನು. ಫೋನು ಹಿಡಿದುಕೊಂಡೇ ಕಣ್ಣೊರೆಸಿಕೊಂಡೆ. ಈ ಐತವಾರ ಬಾ, ಪ್ರಾಚಿಯನ್ನೂ ಕರೆಸುತ್ತೇನೆ ಎಂದೆ. ಈ ಸಲ ಸೂತ್ರಧಾರ ನೀನು, ಮಾಂತ್ರಿಕ ನಾನು ಎಂದೆ. ಅವನು ನಕ್ಕು, ಎಡಗೈ ಗವಸು ಅಲ್ಲೇ ಇದೆಯಲ್ಲ, ತೊಟ್ಟು ರೂಢಿ ಮಾಡಿಕೊಳ್ಳಿ ಎಂದ.

"ರಬ್ಬರ ಸಿಕ್ತೋ ಇಲ್ಲೋ?" ಎಂದು ಹೆಂಡತಿ ಮತ್ತೆ ಕೂಗಿದಳು.

ಇಲ್ಲ ಎಂದೆ. ಗವಸು ತೊಟ್ಟುಕೊಂಡು ಅಡುಗೆಮನೆಗೆ ಹೋಗಿ, ಮೆಂತ್ಯದ ಡಬ್ಬಿ ಎಲ್ಲಿದೆ ಎಂದು ಕೇಳಿದೆ.